ಅಂಕಿಡ್ರಾಯ್ಡ್: ಆಪ್ ಛಲೋ ಐತಿ, ರೆಡಿಮೇಡ್ ಡೆಕ್ ಬ್ಯಾಡ್ರಿ

ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡುಗಳನ್ನು ದಿನ ಬಿಟ್ಟು ದಿನ ಬಿಟ್ಟು ತಿರುಗಿ ತೋರಿಸಿ ನೆನಪಲ್ಲಿ ಉಳಿಸುವ ಫೋನ್ ಆಪ್ ಅಂಕಿಡ್ರಾಯ್ಡ್. ಇಂಗ್ಲಿಷ್ ಪದ ಕಲಿಯೋಕೆ ಛಲೋ. ನನ್ನ ಸಿಟ್ಟು ಆಪ್ ಮೇಲಲ್ಲ, ಅದರೊಳಗೆ ಇಳಿಸಿಕೊಳ್ಳುವ ರೆಡಿಮೇಡ್ ಡೆಕ್‌ಗಳ, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡಿನ ಕಟ್ಟುಗಳ ಮೇಲೆ. ಎಷ್ಟೋ ಡೆಕ್‌ಗಳಲ್ಲಿ ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಒಂದೇ ಪದದ ಕನ್ನಡ ಅರ್ಥ. 'ಬ್ರೀಚ್' ಅಂದರೆ 'ಉಲ್ಲಂಘನೆ', ಮುಗೀತು. ನಾಳೆ ಪೇಪರಿನಲ್ಲಿ 'ಕೆನಾಲ್ ಬ್ರೀಚ್' ಅಂತ ಬಂದರೆ, ಕಾಲುವೆ ಯಾವ ಕಾನೂನು ಮುರೀತು ಅಂತ ತಲೆ ಕೆರಕೋಬೇಕು! ಇನ್ನು ಆಲಮಟ್ಟಿ ಹೊರಹರಿವಿನ ಸುದ್ದಿಯಲ್ಲಿ ಬರುವ 'ಸ್ಟೆಪ್ಡ್ ಅಪ್' ಇಂಥ ಡೆಕ್‌ನಲ್ಲಿ ಸಿಗೋದೇ ಕಷ್ಟ. 'ಸ್ಟೆಪ್', 'ಅಪ್' ಎರಡೂ ಗೊತ್ತಿರುವ ಪದ, ಕೂಡಿದಾಗ 'ಹೆಚ್ಚಿಸಿದರು' ಅಂತಾಗುತ್ತದೆ. ಬ್ಯಾಂಕ್ ಪರೀಕ್ಷೆಯ ಕ್ಲೋಜ್ ಟೆಸ್ಟ್‌ನಲ್ಲಿ (ಖಾಲಿ ಜಾಗಕ್ಕೆ ಪದ ತುಂಬುವ ಪ್ರಶ್ನೆ) ಮಾರ್ಕ್ಸ್ ಹೋಗೋದು ಇಂಥಲ್ಲೇ.

ಸ್ವಂತ ಕಾರ್ಡ್ ಮಾಡಿಕೊಂಡರೆ ಇದೇ ಆಪ್ ಬೇರೆಯೇ ಅನಿಸುತ್ತದೆ. ಸಂಜೆ ಇಂಗ್ಲಿಷ್ ಪೇಪರಿನ ಜಿಲ್ಲಾ ಪುಟದಿಂದ ಒಂದು ಪೂರ್ತಿ ವಾಕ್ಯ ಆರಿಸಿ. ಅದರಲ್ಲಿ ಗೊತ್ತಿಲ್ಲದ ಪದ ಒಂದೇ ಇರಲಿ. ಹೊಸ ಕಾರ್ಡ್ ಸೇರಿಸುವಾಗ ನೋಟ್ ಟೈಪ್ 'ಕ್ಲೋಜ್' ಇಟ್ಟು, ಆ ಪದವನ್ನು ಸೆಲೆಕ್ಟ್ ಮಾಡಿ ಕ್ಲೋಜ್ ಬಟನ್ ಒತ್ತಿದರೆ ಅಲ್ಲಿ ಖಾಲಿ ಜಾಗ. ಪದ ಮುಗಿದ ಕೂಡಲೇ ಎರಡು ಕೋಲನ್ (::) ಹಾಕಿ ಮೊದಲಕ್ಷರ ಬರೆದರೆ ಅದೇ ಸುಳಿವಾಗಿ ಕಾಣುತ್ತದೆ. ಕೆಳಗಿನ 'ಬ್ಯಾಕ್ ಎಕ್ಸ್‌ಟ್ರಾ' ಕಾಲಂನಲ್ಲಿ ಇಂಗ್ಲಿಷ್ ಅರ್ಥ. ಇದಕ್ಕೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ನಿಘಂಟೇ ಬೇಕು. ಲಾಂಗ್‌ಮನ್‌ದು ಸುಮಾರು 2,000 ಸರಳ ಪದಗಳೊಳಗೇ ಅರ್ಥ ಹೇಳುತ್ತದೆ, ಅರ್ಥಕ್ಕೆ ಮತ್ತೊಂದು ಅರ್ಥ ಹುಡುಕುವ ಕೆಲಸ ಇಲ್ಲ. ಕನ್ನಡ ಕೊನೆಗಿರಲಿ, ಅದೂ ಆ ವಾಕ್ಯಕ್ಕೆ ಹೊಂದುವಷ್ಟೇ: 'ಕಾಲುವೆ ಒಡೆಯಿತು'.

ಬೆಳಿಗ್ಗೆ ಚಹಾ ಆರೋದರೊಳಗೆ ಕಾರ್ಡ್ ಮುಗೀಬೇಕು, ಹಾಗಿದ್ದರೆ ಮಾತ್ರ ಇದು ನಡೀತದೆ. ನಾವು ಬದಲಿಸದಿದ್ದರೆ ಆಪ್ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ, ಕೆಲಸಕ್ಕೆ ಹೋಗುವವರಿಗೆ ಅದು ಭಾಳ ಆತು. ಹಳೇ ಕಾರ್ಡುಗಳೂ ತಿರುಗಿ ಬರುತ್ತಲೇ ಇರುತ್ತವೆ, ಜಾತ್ರೆಗೋ ಮದುವೆಗೋ ನಾಕು ದಿನ ಬಿಟ್ಟರೆ ಗುಡ್ಡೆ ಬಿದ್ದಿರುತ್ತದೆ. ಡೆಕ್ ಆಪ್ಶನ್ಸ್‌ನಲ್ಲಿ ಹೊಸ ಕಾರ್ಡನ್ನು 5ಕ್ಕೆ ಇಳಿಸಿ. ಗುಡ್ಡೆ ಬಿದ್ದಾಗ ಕರಗುವ ತನಕ ಸೊನ್ನೆ ಮಾಡಿ.

ಹೆಚ್ಚಿನವರು ಹಾಳಾಗೋದು ಉತ್ತರ ನೋಡಿದ ಮೇಲೆ ಒತ್ತುವ 'ಹಾರ್ಡ್' ಬಟನ್‌ನಿಂದ. ಮರೆತಾಗ ಅದನ್ನು ಒತ್ತಬ್ಯಾಡ್ರಿ. 'ಕಷ್ಟಪಟ್ಟು ನೆನಪಾಯ್ತು' ಅಂತ ಆಪ್ ಲೆಕ್ಕ ಹಿಡಿದು, ಕಾರ್ಡನ್ನು ಇನ್ನೂ ದೂರ ತಳ್ಳುತ್ತದೆ. ಮರೆತರೆ 'ಅಗೇನ್', ಅಷ್ಟೇ. ಎಂಟು ಸಲ ಮರೆತ ಕಾರ್ಡಿಗೆ 'ಲೀಚ್' ಎಂಬ ಟ್ಯಾಗ್ ಬೀಳುತ್ತದೆ. ಅಂಥದ್ದನ್ನು ಮತ್ತೆ ಮತ್ತೆ ಉಜ್ಜುವ ಬದಲು ವಾಕ್ಯವನ್ನೇ ಬದಲಿಸಿ. 'ಪ್ರಿಸ್ಕ್ರೈಬ್' (ವಿಧಿಸು), 'ಪ್ರೊಸ್ಕ್ರೈಬ್' (ನಿಷೇಧಿಸು) ಥರದ ಜೋಡಿಯನ್ನು ಒಂದೇ ವಾರ ಸೇರಿಸಿದರೆ ಎರಡೂ ಕಲಸಿ ಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಆಂಡ್ರಾಯ್ಡ್‌ನಲ್ಲಿ ಪೂರ್ತಿ ಪುಕ್ಕಟೆ, ಜಾಹೀರಾತೂ ಇಲ್ಲ. ಐಫೋನ್ ಆಪ್‌ಗೆ ದುಡ್ಡು ಕೊಡಬೇಕು. ಅಷ್ಟು ಖರ್ಚು ಯಾಕೆ ಅನ್ನುವವರು ಬ್ರೌಸರ್‌ನಲ್ಲಿ ಅಂಕಿವೆಬ್ ತೆರೆದರೆ ಸಾಕು, ಪುಕ್ಕಟೆ ನಡೀತದೆ.