ಯೂರೇಲ್ ಪಾಸ್ ರಿವ್ಯೂ, ಒಬ್ಬಳೇ ಸುತ್ತಿದ ಒಂದು ತಿಂಗಳು

ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಅಷ್ಟೇ ನೋಡ್ಕೊಂಡು ಬರ್ತೀನಿ ಅನ್ನೋರಿಗೆ ಯೂರೋಪಿನ ರೈಲುಗಳಲ್ಲಿ ಓಡಾಡೋಕೆ ಕೊಡೋ ಈ ಪಾಸ್ ಬೇಡ, ಆ ರೂಟಲ್ಲಿ ಬಿಡಿ ಟಿಕೆಟ್ ಮುಂಚೆನೇ ಬುಕ್ ಮಾಡಿದ್ರೆ ಅಗ್ಗಕ್ಕೆ ಸಿಗತ್ತೆ. ಆದ್ರೆ ನಾಳೆ ಎಲ್ಲಿಗೆ ಅಂತ ಇವತ್ತು ರಾತ್ರಿ ಡಿಸೈಡ್ ಮಾಡೋ ಥರದವರಾದ್ರೆ ಕಣ್ಮುಚ್ಕೊಂಡು ತಗೊಳ್ಳಿ. ನಂದು 1 ತಿಂಗಳೊಳಗೆ ಯಾವುದಾದ್ರೂ 7 ದಿನ ಓಡಾಡೋ ಗ್ಲೋಬಲ್ ಪಾಸ್, 33 ದೇಶದಲ್ಲಿ ನಡೆಯತ್ತೆ, 27 ವರ್ಷದವರೆಗೂ ಯೂತ್ ರೇಟು.

ವಿಯೆನ್ನಾ ಹಾಸ್ಟೆಲ್ ಅಡುಗೆಮನೇಲಿ ಬಿಸಿ ಅನ್ನಕ್ಕೆ ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಕಲಸ್ತಿದ್ದೆ, ಪಕ್ಕದಲ್ಲಿ ಪಾಸ್ತಾ ಬೇಯಿಸ್ತಿದ್ದ ಚಿಲಿ ದೇಶದ ಹುಡುಗಿ ಇದೇನು ಇಷ್ಟು ಘಮ್ ಅಂತಿದೆ ಅಂತ ಕೇಳಿದ್ಳು, ಅಲ್ಲಿಂದ ಶುರುವಾದ ಮಾತು ಮಧ್ಯರಾತ್ರಿ ಆದ್ರೂ ಮುಗೀಲಿಲ್ಲ, ಬೆಳಿಗ್ಗೆ ನಾನು ಸಾಲ್ಜ್‌ಬರ್ಗ್‌ಗೆ ಹೋಗೋ ಪ್ಲಾನ್ ಬಿಟ್ಟು ಅವಳ ಜೊತೆ ಸ್ಲೊವೇನಿಯಾದ ಲುಬ್ಲಿಯಾನಾ ಕಡೆ ಹೊರಟ್ಬಿಟ್ಟೆ! ಹೊಸ ಟಿಕೆಟ್ ತಲೆನೋವೇ ಇಲ್ಲ, ಪಾಸಿನ ಮೊಬೈಲ್ ಆ್ಯಪ್‌ನಲ್ಲಿ ರೈಲು ಸೇರಿಸಿದ್ರೆ ಆಯ್ತು. ದಾರೀಲಿ ಸೆಮ್ಮರಿಂಗ್ ಬೆಟ್ಟ ಸಿಗತ್ತೆ, 1854ರಲ್ಲಿ ಮುಗಿದ ಲೈನು, ಕಲ್ಲಿನ ಸೇತುವೆಗಳು, ಸುರಂಗಗಳು, ಯುನೆಸ್ಕೋ ಪಟ್ಟೀಲಿದೆ, ದಯವಿಟ್ಟು ಅಲ್ಲಿ ನಿದ್ದೆ ಮಾಡ್ಬೇಡಿ.

ಬೇಜಾರಾಗೋದು ರಿಸರ್ವೇಶನ್ ವಿಷಯ. ಫ್ರಾನ್ಸಿನ ಟಿಜಿವಿ ಅನ್ನೋ ಹೈಸ್ಪೀಡ್ ರೈಲಿಗೆ, ನೈಟ್ ಟ್ರೈನ್‌ಗಳಿಗೆ ಪಾಸ್ ಇದ್ರೂ ಸೀಟಿಗೆ ಬೇರೆ ದುಡ್ಡು ಕೊಡ್ಬೇಕು, ಸೀಸನ್ನಲ್ಲಿ ಬೇಗ ಖಾಲಿ ಆಗತ್ತೆ. ಜರ್ಮನಿ, ಆಸ್ಟ್ರಿಯಾದಲ್ಲಿ ಹಗಲು ಹೊತ್ತಿನ ಹೆಚ್ಚಿನ ರೈಲುಗಳಿಗೆ ಈ ಕಾಟ ಇಲ್ಲ. ಹತ್ತೋಕ್ ಮುಂಚೆನೇ ಆ್ಯಪಲ್ಲಿ ಆವತ್ತಿನ ದಿನ ಆ್ಯಕ್ಟಿವೇಟ್ ಮಾಡ್ಕೊಳ್ಳಿ, ಮರೆತು ಹತ್ತಿದ್ರೆ ಫೈನು.

5ಕ್ಕೆ 4 ಸ್ಟಾರ್. ಆ ಹುಡುಗಿಗೆ ಉಳಿದ ಚಟ್ನಿಪುಡಿ ಪೂರ್ತಿ ಕೊಟ್ಟು ಬಂದೆ.