ಮೊದಲ ಬಾಡಿಗೆ ಮನೆ: ಮೂರು ಬಡಾವಣೆಗಳಲ್ಲಿ ಇದ್ದು ನೋಡಿದ ಮೇಲೆ

ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷಗಳಲ್ಲಿ ನಾನು ಒಂದೇ ನಗರದ ಮೂರು ಬಡಾವಣೆಗಳಲ್ಲಿ ಬಾಡಿಗೆಗೆ ಇದ್ದೇನೆ. ಮೊದಲ 7 ತಿಂಗಳು ಓದಿದ ಕಾಲೇಜಿನ ಆಸುಪಾಸಿನಲ್ಲಿ, ಅನಂತರದ 9 ತಿಂಗಳು ನಗರದ ಅಂಚಿನ ಹೊಸ ಬಡಾವಣೆಯಲ್ಲಿ, ಈಗ 8 ತಿಂಗಳಿಂದ ಇವೆರಡರ ನಡುವಿನ ಹಳೆಯ ಬಡಾವಣೆಯಲ್ಲಿ. ಈ ಅವಧಿಯಲ್ಲಿ ಕಚೇರಿಯೂ ಸಂಬಳವೂ ಬದಲಾಗಲಿಲ್ಲ. ಆದ್ದರಿಂದ ಮೂರನ್ನೂ ಒಂದೇ ಅಳತೆಗೋಲಿನಿಂದ ನೋಡುವುದು ಸಾಧ್ಯವಾಯಿತು.

ಕಾಲೇಜಿನ ಬಳಿಯೇ ಉಳಿಯಲು ಕಾರಣ ಗೆಳೆಯರು. ಮೂವರು ಸೇರಿ ಮನೆ ಹಿಡಿದಿದ್ದರಿಂದ ಸಂಬಳದ ನೂರರಲ್ಲಿ 18 ಭಾಗ ಮಾತ್ರ ಬಾಡಿಗೆಗೆ ಹೋಗುತ್ತಿತ್ತು, ಓಡಾಟಕ್ಕೆ ಇನ್ನೊಂದು 7. ಆದರೆ ವಿದ್ಯಾರ್ಥಿಗಳೇ ತುಂಬಿರುವ ಬಡಾವಣೆ ಪರೀಕ್ಷೆ ಮತ್ತು ರಜೆಯ ಲಯಕ್ಕೆ ತಕ್ಕಂತೆ ನಡೆಯುತ್ತದೆಯೇ ಹೊರತು ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ಲಯಕ್ಕೆ ಅಲ್ಲ. ಮಧ್ಯರಾತ್ರಿಯವರೆಗೂ ಬೀದಿಯಲ್ಲಿ ಮಾತು, ವಾಹನಗಳ ಸದ್ದು ನಿಲ್ಲುತ್ತಿರಲಿಲ್ಲ. ಐದನೆಯ ತಿಂಗಳಲ್ಲಿ ಒಬ್ಬ ಗೆಳೆಯನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅವನ ಪಾಲು ಉಳಿದ ಇಬ್ಬರ ಮೇಲೆ ಬಿದ್ದು ನನ್ನ 18 ಭಾಗ 27 ಆಯಿತು. ಹಂಚಿಕೊಂಡ ಮನೆಯ ಅಗ್ಗದ ಬಾಡಿಗೆ ಎಲ್ಲರೂ ಉಳಿದಿರುವವರೆಗೆ ಮಾತ್ರ ಅಗ್ಗ ಎಂಬುದು ಕರಾರಿಗೆ ಸಹಿ ಹಾಕುವಾಗ ನನಗೆ ಹೊಳೆದಿರಲಿಲ್ಲ.

ನಗರದ ಅಂಚಿಗೆ ಹೋದದ್ದು ಲೆಕ್ಕ ಹಾಕಿಯೇ. ಬಾಡಿಗೆ ಆದಾಯದ ಶೇಕಡಾ 30ರೊಳಗೆ ಇರಬೇಕು ಎಂಬ ಪ್ರಚಲಿತ ಸೂತ್ರವನ್ನು ನಂಬಿದ್ದೆ. ಅಲ್ಲಿ ಒಬ್ಬನಿಗೇ ಎರಡು ಕೋಣೆಯ ಮನೆ 21 ಭಾಗಕ್ಕೆ ದೊರೆಯಿತು. ಗಾಳಿ, ಬೆಳಕು, ನೀರು ಯಾವುದಕ್ಕೂ ಕೊರತೆಯಿರಲಿಲ್ಲ, ರಾತ್ರಿ ನಿಶ್ಶಬ್ದವಾಗಿತ್ತು. ಆದರೆ ಆ ಸೂತ್ರ ಪ್ರಯಾಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಲ್ದಾಣಕ್ಕೆ ಹತ್ತೇ ನಿಮಿಷ ಎಂದು ಜಾಹೀರಾತಿನಲ್ಲಿ ಇದ್ದದ್ದು ವಾಹನದಲ್ಲಿ ಹೋಗುವವರ ಹತ್ತು ನಿಮಿಷ. ಗಂಟೆಗೆ 5 ಕಿಲೋಮೀಟರಿನಂತೆ ನಡೆಯುವವನಿಗೆ ಆ ಒಂದೂವರೆ ಕಿಲೋಮೀಟರ್ 18 ನಿಮಿಷದ ದಾರಿ. ಎಲ್ಲ ಸೇರಿ ಕಚೇರಿಗೆ ಒಂದು ಕಡೆಗೆ 50 ನಿಮಿಷ ಹಿಡಿಯುತ್ತಿತ್ತು; ತಿಂಗಳ 22 ಕೆಲಸದ ದಿನಗಳಿಗೆ ಇದು ಸುಮಾರು 37 ಗಂಟೆ. ಜನರು ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಕೊಡುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ನನ್ನ ದಿನದಲ್ಲಿ ಅದನ್ನು ಮೀರಿದ 40 ನಿಮಿಷಗಳು ನಿದ್ದೆಯಿಂದಲೂ ಅಡುಗೆಯಿಂದಲೂ ಕಡಿತವಾಗುತ್ತಿದ್ದವು. ಓಡಾಟದ ಖರ್ಚು 13 ಭಾಗ ಸೇರಿದಾಗ ಒಟ್ಟು 34. ಗೆಳೆಯ ಹೋದ ಮೇಲೆ ಕಾಲೇಜಿನ ಬಳಿಯ ಮನೆಗೂ ಆಗುತ್ತಿದ್ದದ್ದು ಅಷ್ಟೇ.

ಕಚೇರಿಯ ಪಕ್ಕದಲ್ಲೇ ಮನೆ ಹುಡುಕಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಎರಡು ವಾರಾಂತ್ಯ ಹುಡುಕಿದೆ. ನನ್ನ ಅರ್ಧ ಸಂಬಳ ಕೇಳುವ ಒಂದೇ ಕೋಣೆಯ ಮನೆಗಳನ್ನು ಕಂಡು ಆ ಯೋಚನೆಯನ್ನು ಕೈಬಿಟ್ಟೆ.

ಈಗಿರುವ ಹಳೆಯ ಬಡಾವಣೆಯನ್ನು ಮಾತ್ರ ಆಯುವ ಮೊದಲು ಮೂರು ಬಾರಿ ಹೋಗಿ ನೋಡಿದೆ: ಕೆಲಸದ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿನಲ್ಲಿ, ರಾತ್ರಿ ಹತ್ತೂವರೆಗೆ, ಮತ್ತು ಜೋರು ಮಳೆ ಬಂದ ಮರುದಿನ. ಮನೆ ತೋರಿಸುವವರು ಸಾಮಾನ್ಯವಾಗಿ ಕರೆಯುವ ರಜೆಯ ಮಧ್ಯಾಹ್ನದಲ್ಲಿ ಇವುಗಳಲ್ಲಿ ಒಂದೂ ಕಾಣಿಸುವುದಿಲ್ಲ. ರಾತ್ರಿಯ ಭೇಟಿಯೇ ಹೆಚ್ಚು ಕಲಿಸಿತು. ಮುಖ್ಯರಸ್ತೆಗೆ ಮುಖ ಮಾಡಿದ ಮನೆಯ ಕಿಟಕಿಯ ಬಳಿ ಮೊಬೈಲಿನಲ್ಲಿ ಅಳೆದಾಗ ಸುಮಾರು 60 ಡೆಸಿಬೆಲ್ ಬಂದರೆ, ಎರಡು ಬೀದಿ ಒಳಗಿನ ಮನೆಯಲ್ಲಿ 45ರ ಆಸುಪಾಸಿನಲ್ಲಿತ್ತು. ಮೊಬೈಲಿನ ಅಳತೆ ನಿಖರವಲ್ಲದಿದ್ದರೂ ವ್ಯತ್ಯಾಸವನ್ನು ತಿಳಿಯಲು ಸಾಕು, ಏಕೆಂದರೆ 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾಗಿ ಕೇಳುತ್ತದೆ. ಬಾಡಿಗೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಒಳಗಿನ ಮನೆಯನ್ನೇ ಹಿಡಿದೆ.

ಈ ಮನೆಗೆ ದೋಷಗಳಿವೆ. ಮೇಲಿನ ಮಹಡಿಗೆ ನೀರಿನ ಒತ್ತಡ ಸಾಲದು, ಅಡುಗೆಮನೆಯ ಒಂದು ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ, ಕೋಣೆ ಒಂದೇ. ಬಾಡಿಗೆಗೆ 32, ಓಡಾಟಕ್ಕೆ 5, ಒಟ್ಟು 37 ಭಾಗ. ಹಣವೊಂದನ್ನೇ ನೋಡಿದರೆ ಮೂರರಲ್ಲಿ ಇದೇ ದುಬಾರಿ. ಆದರೆ ಬಸ್ ನಿಲ್ದಾಣ 400 ಮೀಟರ್ ದೂರದಲ್ಲಿದೆ, ಕಚೇರಿಗೆ 20 ನಿಮಿಷ ಸಾಕು. ಅಂಚಿನ ಮನೆಗಿಂತ 3 ಭಾಗ ಹೆಚ್ಚು ಕೊಟ್ಟು ತಿಂಗಳಿಗೆ 22 ಗಂಟೆಗಳನ್ನು ಮರಳಿ ಪಡೆದಿದ್ದೇನೆ. ಸಂಜೆ ಬೆಳಕಿರುವಾಗಲೇ ಮನೆ ಸೇರುವುದು, ಔಷಧಿ ಅಂಗಡಿಗೂ ಗ್ರಂಥಾಲಯಕ್ಕೂ ನಡೆದೇ ಹೋಗುವುದು, ಎದುರು ಮನೆಯವರು ಹೆಸರು ಹಿಡಿದು ಮಾತನಾಡಿಸುವುದು ನನಗೆ ಬಹಳ ಬೆಲೆಯುಳ್ಳವು. ಹೊಸ ಬಡಾವಣೆಯಲ್ಲಿ 9 ತಿಂಗಳಾದರೂ ಪಕ್ಕದ ಮನೆಯವರ ಮುಖ ಸರಿಯಾಗಿ ಪರಿಚಯವಾಗಿರಲಿಲ್ಲ.

ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗಬೇಕಾದವರು ಈ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ಅವರ ಪ್ರಯಾಣ ಅಂಚಿನ ಮನೆಯಿಂದಲೂ ತಿಂಗಳಿಗೆ ಸುಮಾರು 15 ಗಂಟೆಗೆ ಇಳಿಯುತ್ತದೆ, ಓಡಾಟದ ಖರ್ಚೂ ಕುಗ್ಗುತ್ತದೆ. ದಿನವಿಡೀ ಮನೆಯಲ್ಲೇ ಕುಳಿತು ಕೆಲಸ ಮಾಡುವಾಗ ಎರಡನೆಯ ಕೋಣೆಯೂ ಅಲ್ಲಿನ ನಿಶ್ಶಬ್ದವೂ ಬೇಕಾಗುತ್ತವೆ. ಅಂಥವರಿಗೆ ನಾನು ಬಿಟ್ಟುಬಂದ ಅಂಚಿನ ಮನೆಯನ್ನೇ ಹೇಳುತ್ತೇನೆ.