ಹಳಿಯ ಮೇಲೊಂದು ದರ್ಶಿನಿ: ಲಂಡನ್–ಎಡಿನ್‌ಬರೋ ನಡುವಿನ ಲೂಮೊ ರೈಲು

ಬೆಂಗಳೂರಿನಿಂದ ಬೆಳಗಾವಿಗೆ ರೈಲಿನ ಹಾದಿ ಸುಮಾರು 610 ಕಿಲೋಮೀಟರ್. ಲಂಡನ್ನಿನಿಂದ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ 632. ದೂರ ಹೆಚ್ಚುಕಡಿಮೆ ಒಂದೇ ಆದರೂ ಮೊದಲನೆಯದಕ್ಕೆ ನಮ್ಮ ವಂದೇ ಭಾರತ್ ಸುಮಾರು ಎಂಟೂವರೆ ಗಂಟೆ ತೆಗೆದುಕೊಂಡರೆ, ಎರಡನೆಯದು ನಾಲ್ಕೂವರೆ ಗಂಟೆಯಲ್ಲಿ ಮುಗಿಯುತ್ತದೆ. ವೇಗದ ಈ ವ್ಯತ್ಯಾಸವನ್ನು ನಾನು ನಿರೀಕ್ಷಿಸಿಯೇ ಹೋಗಿದ್ದೆ. ನಿರೀಕ್ಷಿಸದೆ ಇದ್ದದ್ದು ಬೇರೊಂದು. ಬೆಳಗಾವಿಗೆ ಹೊರಟವನು ಯಾವ ರೈಲನ್ನು ಹತ್ತಿದರೂ ಅದನ್ನು ಓಡಿಸುವ ಯಜಮಾನ ಒಬ್ಬನೇ. ಎಡಿನ್‌ಬರೋಗೆ ಹೊರಟವನ ಮುಂದೆ ಮಾತ್ರ ಒಂದೇ ನಿಲ್ದಾಣದಿಂದ, ಒಂದೇ ಹಳಿಯ ಮೇಲೆ, ಎರಡು ಬೇರೆ ಬೇರೆ ಸಂಸ್ಥೆಗಳು ತಮ್ಮ ತಮ್ಮ ದರವನ್ನು ಹಿಡಿದು ನಿಂತಿರುತ್ತವೆ. ಅವುಗಳಲ್ಲಿ ಚಿಕ್ಕದಾದ, ಅಗ್ಗದ ದರವನ್ನೇ ತನ್ನ ಹೆಗ್ಗಳಿಕೆ ಮಾಡಿಕೊಂಡಿರುವ ಲೂಮೊ ರೈಲಿನಲ್ಲಿ ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಹೋಗಿ ಬಂದೆವು. ಲಂಡನ್ನಿನಲ್ಲಿ ಕೆಲಸದಲ್ಲಿರುವ ಮಕ್ಕಳನ್ನು ನೋಡಲು ಜಯನಗರದಿಂದಲೋ ವಿಜಯನಗರದಿಂದಲೋ ಹೊರಡುವ ನಮ್ಮಂಥ ಪೋಷಕರು ಈಗ ಬಹಳ ಮಂದಿ ಇರುವುದರಿಂದ, ಅವರಿಗೆ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇನೆ.

ಲೂಮೊ ಎಂಬುದು ಫಸ್ಟ್‌ಗ್ರೂಪ್ ಎಂಬ ಖಾಸಗಿ ಸಾರಿಗೆ ಸಂಸ್ಥೆಯ ಒಡೆತನದಲ್ಲಿದ್ದು, 2021ರ ಅಕ್ಟೋಬರ್ 25ರಂದು ಮೊದಲ ಬಾರಿಗೆ ಹಳಿಯ ಮೇಲೆ ಬಂದಿತು. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟು ನ್ಯೂಕ್ಯಾಸಲ್ ಮಾರ್ಗವಾಗಿ ಎಡಿನ್‌ಬರೋದ ವೇವರ್ಲಿ ನಿಲ್ದಾಣವನ್ನು ಸೇರುವ ಅದು, ದಾರಿಯಲ್ಲಿ ಸ್ಟೀವನೇಜ್, ಮಾರ್ಪೆತ್‌ನಂಥ ಬೆರಳೆಣಿಕೆಯ ಊರುಗಳಲ್ಲಷ್ಟೇ ನಿಲ್ಲುತ್ತದೆ. ಇದೇ ಮಾರ್ಗದ ಹಳೆಯ ಹಾಗೂ ದೊಡ್ಡ ಸೇವೆ ಎಲ್‌ಎನ್‌ಇಆರ್ ಎಂಬುದು. ಆ ಸೇವೆಯನ್ನು ಅದಕ್ಕೆ ಮೊದಲು ನಡೆಸುತ್ತಿದ್ದ ಖಾಸಗಿ ಸಂಸ್ಥೆಗಳ ಕೂಟವು ಸರ್ಕಾರದೊಡನೆ ಮಾಡಿಕೊಂಡಿದ್ದ ಒಪ್ಪಂದದ ಭಾರವನ್ನು ತಾಳಲಾರದೆ ಹೋದಾಗ, 2018ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಹೀಗಾಗಿ ಇಲ್ಲಿ ಪೈಪೋಟಿ ನಡೆದಿರುವುದು ಸರ್ಕಾರಿ ರೈಲಿಗೂ ಖಾಸಗಿ ರೈಲಿಗೂ, ಅದೂ ಸರ್ಕಾರದ್ದೇ ಆದ ಹಳಿಯ ಮೇಲೆ.

ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ನನಗೆ ಟಿಕೆಟ್ ಕೊಳ್ಳುವ ಮೊದಲೇ ಎದ್ದಿತ್ತು. 1993ರ ರೈಲ್ವೆ ಕಾಯ್ದೆಯ ನಂತರ ಬ್ರಿಟನ್ನಿನಲ್ಲಿ ಹಳಿಯನ್ನು ನೋಡಿಕೊಳ್ಳುವವರು ಬೇರೆ, ರೈಲು ಓಡಿಸುವವರು ಬೇರೆ ಆದರು. ಈಗ ಹಳಿಗಳು ನೆಟ್‌ವರ್ಕ್ ರೈಲ್ ಎಂಬ ಸಾರ್ವಜನಿಕ ಸಂಸ್ಥೆಯ ವಶದಲ್ಲಿವೆ. ಸರ್ಕಾರದೊಡನೆ ಗುತ್ತಿಗೆಯಿಲ್ಲದೆ, ಸಹಾಯಧನವನ್ನೂ ಕೇಳದೆ, ಹಳಿಯ ಬಾಡಿಗೆಯನ್ನು ತೆತ್ತು ಸ್ವಂತ ಲಾಭನಷ್ಟದ ಮೇಲೆ ರೈಲು ಓಡಿಸುತ್ತೇನೆಂದು ಯಾರಾದರೂ ಮುಂದೆ ಬಂದರೆ, ಸ್ವತಂತ್ರ ನಿಯಂತ್ರಕ ಕಚೇರಿಯೊಂದು ಅರ್ಜಿಯನ್ನು ಪರಿಶೀಲಿಸುತ್ತದೆ. ಆ ಪರಿಶೀಲನೆಯ ಒಂದು ಅಳತೆಗೋಲು ನನಗೆ ಬಹಳ ಹಿಡಿಸಿತು. ಹೊಸಬನು ಹಳಬನ ಗಿರಾಕಿಗಳಿಂದ ಎಳೆದುಕೊಳ್ಳುವ ಪ್ರತಿ ಒಂದು ಪೌಂಡಿಗೆ ಎದುರಾಗಿ, ಈವರೆಗೆ ರೈಲನ್ನೇ ಹತ್ತದವರಿಂದ ಕನಿಷ್ಠ 30 ಪೆನ್ಸ್‌ನಷ್ಟಾದರೂ ಹೊಸ ವರಮಾನವನ್ನು ಹುಟ್ಟಿಸಬೇಕು. ನಮ್ಮ ಗಾಂಧಿ ಬಜಾರಿನ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಹೋಟೆಲಿನ ಪಕ್ಕದಲ್ಲಿ ಹೊಸದೊಂದನ್ನು ತೆರೆಯಲು ಅಡ್ಡಿಯಿಲ್ಲ, ಆದರೆ ಪಕ್ಕದವನ ಮೇಜಿನಲ್ಲಿ ಕುಳಿತವರನ್ನು ಎಬ್ಬಿಸಿಕೊಂಡು ಬರುವುದಷ್ಟೇ ನಿನ್ನ ವ್ಯಾಪಾರವಾಗಬಾರದು, ಮನೆಯಲ್ಲಿ ಉಣ್ಣುತ್ತಿದ್ದ ಕೆಲವರನ್ನಾದರೂ ಹೊರಗೆ ಕರೆತರಬೇಕು. ಲೂಮೊ ಸಂಸ್ಥೆಗೆ ಈ ಅನುಮತಿ ದೊರೆತದ್ದು 2016ರಲ್ಲಿ. ರೈಲುಗಳನ್ನು ಕಟ್ಟಿಸಿ ಓಡಿಸುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಅದು ಕಣ್ಣಿಟ್ಟಿದ್ದು ವಿಮಾನದಲ್ಲಿ ಹೋಗುವವರ ಮೇಲೆ ಮತ್ತು ಹಣ ಉಳಿಸಲೆಂದು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುವವರ ಮೇಲೆ.

ಇನ್ನು ದರದ ವಿಚಾರ. ಆರಂಭದಲ್ಲಿ ಸಂಸ್ಥೆಯು ಕೊಟ್ಟ ಮಾತು ಏನೆಂದರೆ, ತನ್ನ ಟಿಕೆಟ್‌ಗಳಲ್ಲಿ ಶೇ. 60ರಷ್ಟನ್ನು 30 ಪೌಂಡ್ ಅಥವಾ ಅದಕ್ಕಿಂತ ಕಡಿಮೆಗೆ ಮಾರುವುದಾಗಿ. ವರ್ಷಗಳು ಕಳೆದಂತೆ ಎಲ್ಲದರ ಬೆಲೆಯೂ ಏರಿದೆಯಾದ್ದರಿಂದ ಆ ಅಂಕಿಯನ್ನೇ ಈಗಲೂ ನಂಬಿಕೊಂಡು ಹೊರಡುವುದು ಬೇಡ. ನಾವು ಆರು ವಾರ ಮೊದಲೇ ಕೊಂಡದ್ದರಿಂದ ಹೋಗುವ ಹಾಗೂ ಬರುವ ಪ್ರತಿ ಟಿಕೆಟ್ಟಿನ ದರವೂ ರಿಯಾಯಿತಿಗೆ ಮೊದಲು ನಲವತ್ತು ಪೌಂಡಿನ ಆಸುಪಾಸಿನಲ್ಲಿತ್ತು. ಪೌಂಡಿಗೆ ನೂರಹದಿನೈದು ರೂಪಾಯಿಯೆಂದು ಲೆಕ್ಕ ಹಿಡಿದರೆ ಒಬ್ಬರಿಗೆ ಒಂದು ದಿಕ್ಕಿಗೆ ನಾಲ್ಕೂವರೆ ಸಾವಿರ. ಮೊದಲ ಬಾರಿಗೆ ಈ ಮೊತ್ತವನ್ನು ಕೇಳಿದಾಗ ನನ್ನ ಪತ್ನಿ, “ಇದು ಅಗ್ಗದ ರೈಲೇ?” ಎಂದು ಕೇಳಿದಳು. “ಅಮ್ಮ, ಇಲ್ಲಿಗೆ ಬಂದ ಮೇಲೆ ರೂಪಾಯಿಗೆ ತಿರುಗಿಸಿ ನೋಡಬಾರದು, ನೋಡಿದರೆ ಕಾಫಿಯೂ ಕುಡಿಯುವುದಕ್ಕೆ ಆಗುವುದಿಲ್ಲ” ಎಂಬುದು ಮಗಳ ಉತ್ತರವಾಗಿತ್ತು.

ಆದರೆ ಅಗ್ಗ ಎಂಬುದು ಎಲ್ಲರಿಗೂ ಒಂದೇ ತೆರನಾಗಿ ದೊರೆಯುವ ವಸ್ತುವಲ್ಲ. ಕಡಿಮೆ ದರದ ಮುಂಗಡ ಟಿಕೆಟ್ ನಮೂದಿಸಿದ ರೈಲಿಗೆ ಮಾತ್ರ ಸಲ್ಲುತ್ತದೆ. ಪ್ರಯಾಣ ರದ್ದು ಮಾಡಿದರೆ ಹಣ ಹಿಂದಿರುಗುವುದಿಲ್ಲ. ರೈಲು ತಪ್ಪಿದರೆ ಹೊಸ ಟಿಕೆಟ್ಟನ್ನೇ ಕೊಳ್ಳಬೇಕು. ಆಸನಗಳು ಮಾರಾಟವಾದಂತೆಲ್ಲ ಉಳಿದವುಗಳ ಬೆಲೆ ಏರುತ್ತ ಹೋಗುತ್ತದೆ. ಈ ಏರಿಕೆ ನಮಗೇನೂ ಹೊಸದಲ್ಲ. 2016ರ ಸೆಪ್ಟೆಂಬರಿನಿಂದ ನಮ್ಮ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಲ್ಲಿ ಪ್ರತಿ ಶೇ. 10ರಷ್ಟು ಸೀಟು ಮಾರಾಟವಾದಾಗಲೂ ಮೂಲ ದರ ಶೇ. 10ರಷ್ಟು ಏರುವ ಪದ್ಧತಿ ಬಂದಿತು, ಅದಕ್ಕೆ ಒಂದೂವರೆ ಪಟ್ಟಿನ ಮಿತಿಯೂ ಇತ್ತು. ಮಿತಿಯೇ ಇಲ್ಲದ ಏರಿಕೆಯನ್ನು ನೋಡಬೇಕೆಂದರೆ ಗೌರಿ ಹಬ್ಬದ ಹಿಂದಿನ ದಿನ ಆನಂದರಾವ್ ವೃತ್ತದ ಬಳಿಯ ಖಾಸಗಿ ಬಸ್ಸಿನ ಬುಕಿಂಗ್ ಕಚೇರಿಗಳ ಮುಂದೆ ನಿಲ್ಲಬೇಕು. ಊರಿಗೆ ಹೋಗುವ ಸ್ಲೀಪರ್ ಬಸ್ಸಿಗೆ ನಾನೊಮ್ಮೆ ಮಾಮೂಲಿ ದರದ ಮೂರು ಪಟ್ಟು ಕೊಟ್ಟವನು.

ಮುಂದಾಗಿ ಯೋಚಿಸಬಲ್ಲವನಿಗೆ ಮಾತ್ರ ಅಗ್ಗ ಎಂಬ ಈ ನಿಯಮ, ಅಲ್ಲಿನ ದಿನನಿತ್ಯದ ಪ್ರಯಾಣಿಕನಿಗೆ ತೊಡಕಾಗಬಹುದಾದರೂ, ಬೆಂಗಳೂರಿನಿಂದ ಹೋಗುವ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ. ವೀಸಾ ಅರ್ಜಿಗೆಂದು ಪ್ರಯಾಣದ ದಿನಾಂಕ, ತಂಗುವ ಮನೆ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ತಿಂಗಳುಗಳ ಮೊದಲೇ ಜೋಡಿಸಿಟ್ಟುಕೊಂಡವರಿಗೆ ರೈಲಿನ ದಿನವೊಂದನ್ನು ನಿಶ್ಚಯಿಸುವುದು ಏನು ಕಷ್ಟ? ಇದರ ಜೊತೆಗೆ ‘ಟೂ ಟುಗೆದರ್’ ಎಂಬ ರಿಯಾಯಿತಿ ಕಾರ್ಡನ್ನು ತಪ್ಪದೆ ಗಮನಿಸಬೇಕು. 35 ಪೌಂಡ್ ಕೊಟ್ಟು ಇಬ್ಬರ ಹೆಸರಿನಲ್ಲಿ ಈ ಕಾರ್ಡನ್ನು ಮಾಡಿಸಿಕೊಂಡರೆ, ಆ ಇಬ್ಬರೂ ಜೊತೆಯಾಗಿ ಪ್ರಯಾಣಿಸುವಾಗಲೆಲ್ಲ ಒಂದು ವರ್ಷದವರೆಗೆ ಟಿಕೆಟ್ ದರದಲ್ಲಿ ಮೂರನೆಯ ಒಂದು ಭಾಗ ಕಡಿತವಾಗುತ್ತದೆ. ನಮ್ಮ ನಾಲ್ಕು ಟಿಕೆಟ್‌ಗಳ ಒಟ್ಟು ಮೊತ್ತ 160 ಪೌಂಡ್ ಆಗಬೇಕಿದ್ದುದರಲ್ಲಿ 53 ಪೌಂಡ್ ಇಳಿದು, ಕಾರ್ಡಿನ ಹಣ ಒಂದೇ ಪ್ರವಾಸದಲ್ಲಿ ಹುಟ್ಟಿತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಒಂಬತ್ತೂವರೆಗೆ ಮೊದಲು ಈ ಕಾರ್ಡು ನಡೆಯುವುದಿಲ್ಲ ಎಂಬುದೊಂದನ್ನು ನೆನಪಿಡಬೇಕು. ಅರವತ್ತು ದಾಟಿದವರಿಗೆ ಹಿರಿಯರ ಕಾರ್ಡು ಪ್ರತ್ಯೇಕವಾಗಿದೆ.

ರೈಲಿನ ಒಳಗೆ ಕಾಲಿಟ್ಟಾಗ ನನಗೆ ನೆನಪಾದದ್ದು ನಮ್ಮ ದರ್ಶಿನಿಗಳು. ಮಾಣಿಯಿಲ್ಲ, ಕುರ್ಚಿಯಿಲ್ಲ, ಮೊದಲು ಕೂಪನ್ ಕೊಂಡು ನಿಂತುಕೊಂಡೇ ತಿನ್ನಬೇಕು. ಆದರೆ ಇಡ್ಲಿಯ ಹದಕ್ಕೆ ಮಾತ್ರ ಕೈ ಹಾಕುವಂತಿಲ್ಲ ಎಂಬುದು ಬೆಂಗಳೂರಿನ ದರ್ಶಿನಿಯ ಶಾಸ್ತ್ರ. ಲೂಮೊ ಕೂಡ ಅದೇ ಶಾಸ್ತ್ರವನ್ನು ಓದಿಕೊಂಡಂತಿದೆ. ಇದರಲ್ಲಿ ಮೊದಲನೆಯ ದರ್ಜೆ ಎಂಬುದೇ ಇಲ್ಲ, ಎಲ್ಲರಿಗೂ ಒಂದೇ ದರ್ಜೆ, ಸಾಲಿಗೆ ಎರಡು ಮತ್ತು ಎರಡರಂತೆ ಆಸನ. ಎದ್ದುಹೋಗಿ ತಿನ್ನುವಂಥ ಊಟದ ಬೋಗಿ ಇಲ್ಲ. ಆದರೆ ಗಾಡಿ ಮಾತ್ರ ಹಳೆಯದನ್ನು ತಂದು ಬಣ್ಣ ಬಳಿದದ್ದಲ್ಲ. ಹಿಟಾಚಿ ಸಂಸ್ಥೆಯು ಇಂಗ್ಲೆಂಡಿನ ನ್ಯೂಟನ್ ಐಕ್ಲಿಫ್ ಕಾರ್ಖಾನೆಯಲ್ಲಿ ಇದಕ್ಕೆಂದೇ ಕಟ್ಟಿಕೊಟ್ಟ ಐದೈದು ಬೋಗಿಗಳ ಐದು ಹೊಸ ರೈಲುಗಳಿವೆ. ಅವು ಪೂರ್ತಿ ವಿದ್ಯುತ್ತಿನಲ್ಲೇ ನಡೆಯುತ್ತವೆ, ಡೀಸೆಲ್ ಎಂಜಿನ್ನೇ ಇಲ್ಲ. ಮೇಲಿನ ತಂತಿಯಲ್ಲಿ ವಿದ್ಯುತ್ ಹೋದರೆ ಒಳಗಿನ ದೀಪ ಮತ್ತು ಗಾಳಿಯ ವ್ಯವಸ್ಥೆಗೆಂದು ಬ್ಯಾಟರಿ ಇರಿಸಿದ್ದಾರೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುವಾಗಲೂ ಕೈಯಲ್ಲಿದ್ದ ಕಾಫಿ ತುಳುಕಲಿಲ್ಲ. ಎಲ್‌ಎನ್‌ಇಆರ್‌ನ ಅಜೂಮಾ ರೈಲುಗಳೂ ಇದೇ ಹಿಟಾಚಿ ಕುಟುಂಬಕ್ಕೆ ಸೇರಿದವು. ಅಗ್ಗದ ರೈಲಿನಲ್ಲಿ ಹೋದವನು ಕಡಿಮೆ ತರಗತಿಯ ಗಾಡಿಯಲ್ಲಿ ಹೋದೆನೆಂದು ಕೊರಗಬೇಕಾದ ಕಾರಣವಿಲ್ಲ.

ಊಟದ ವಿಷಯದಲ್ಲಿ ನಾವು ಸ್ವಾವಲಂಬಿಗಳಾಗಿದ್ದೆವು. ಮಗಳ ಮನೆಯಲ್ಲಿ ಮಾಡಿಕೊಂಡು ಹೋಗಿದ್ದ ಚಪಾತಿ, ಚಟ್ನಿಪುಡಿ ಮತ್ತು ಗಟ್ಟಿ ಮೊಸರು ಪೀಟರ್‌ಬರೋ ದಾಟುವ ಹೊತ್ತಿಗೆ ಖಾಲಿಯಾಗಿದ್ದವು. ಅದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ದೊಡ್ಡ ಸೂಟ್‌ಕೇಸುಗಳನ್ನು ಲಂಡನ್ನಿನಲ್ಲೇ ಬಿಟ್ಟು ತಲಾ ಒಂದು ಕೈಚೀಲದಲ್ಲಿ ಹೊರಟದ್ದು ಜಾಣತನದ ಕೆಲಸವಾಯಿತು. ಐದೇ ಬೋಗಿಗಳಿರುವ ರೈಲಿಗೆ ವಿಮಾನದ ಇಪ್ಪತ್ಮೂರು ಕಿಲೋ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುವ ಸಾಹಸ ಬೇಡವೆಂಬುದು ನನ್ನ ಸಲಹೆ.

ಉತ್ತರಕ್ಕೆ ಹೋಗುವಾಗ ಬಲಗಡೆಯ ಕಿಟಕಿಯ ಆಸನವನ್ನು ಆರಿಸಿಕೊಳ್ಳಬೇಕು. ಮೊದಲ ಎರಡು ಗಂಟೆ ಗದ್ದೆಯಂಥ ಸಮತಟ್ಟು ಹೊಲಗಳು, ನಮ್ಮ ಕಣ್ಣಿಗೆ ವಿಶೇಷವೇನಿಲ್ಲ; ಪತ್ನಿ ನಿದ್ದೆ ಹೋದಳು. ನ್ಯೂಕ್ಯಾಸಲ್ಲಿನಲ್ಲಿ ಟೈನ್ ನದಿಯನ್ನು ದಾಟುವಾಗ ಎಚ್ಚರವಿರಬೇಕು. ಅಲ್ಲಿಂದ ಮುಂದೆ ಹಳಿ ಉತ್ತರ ಸಮುದ್ರದ ಅಂಚಿಗೆ ಹತ್ತಿರವಾಗುತ್ತ ಹೋಗಿ, ಬೆರಿಕ್ ಎಂಬಲ್ಲಿ ರಾಬರ್ಟ್ ಸ್ಟೀವನ್‌ಸನ್ ಕಟ್ಟಿದ, 1850ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ 28 ಕಮಾನುಗಳ ಸೇತುವೆಯನ್ನು ದಾಟುತ್ತದೆ. ಅದಾದ ಮೇಲೆ ಕೆಲವು ನಿಮಿಷ ಬಂಡೆಯಂಚಿನ ಕೆಳಗೇ ಸಮುದ್ರ. ಕಾರವಾರದ ಕಡೆ ಕೊಂಕಣ ರೈಲಿನಲ್ಲಿ ಹೋದವರಿಗೆ ಈ ಅನುಭವದ ಅಂದಾಜು ಸಿಗಬಹುದು, ಇಲ್ಲಿ ಹಸಿರು ಕಡಿಮೆ, ಗಾಳಿ ಹೆಚ್ಚು.

ಈ ಮಾರ್ಗದಲ್ಲಿ ಇನ್ನಷ್ಟು ಅಗ್ಗದ ರೈಲುಗಳೇಕಿಲ್ಲ ಎಂಬುದಕ್ಕೂ ಉತ್ತರ ಹಳಿಯಲ್ಲೇ ಇದೆ. ಲಂಡನ್ ಬಿಟ್ಟು ಸ್ವಲ್ಪ ದೂರ ಹೋಗುತ್ತಿದ್ದಂತೆ ವೆಲ್ವಿನ್ ಎಂಬಲ್ಲಿ, ನಾಲ್ಕು ಹಳಿಗಳ ಮಾರ್ಗ ಎರಡಕ್ಕೆ ಇಳಿದು 40 ಕಮಾನುಗಳ ಹಳೆಯ ಸೇತುವೆಯೊಂದನ್ನು ಹಾದುಹೋಗುತ್ತದೆ. ಸರ್ಕಾರಿ ರೈಲು, ಖಾಸಗಿ ರೈಲು, ಉಪನಗರದ ರೈಲು ಎಲ್ಲವೂ ಆ ಇಕ್ಕಟ್ಟಿನಲ್ಲಿ ಸರದಿಗೆ ನಿಲ್ಲಬೇಕು. ಊರು ಇನ್ನೇನು ಬಂದೇಬಿಟ್ಟಿತೆಂದು ಚೀಲ ಇಳಿಸಿಕೊಂಡ ಮೇಲೆ ಸಿಗ್ನಲಿಗಾಗಿ ಹೊರವಲಯದಲ್ಲಿ ಕಾದು ಕುಳಿತವರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ. ಸ್ಪರ್ಧಿಗಳನ್ನು ಕಾಗದದ ಮೇಲೆ ಎಷ್ಟಾದರೂ ಹೆಚ್ಚಿಸಬಹುದು, ಹಳಿಯ ಮೇಲಿನ ನಿಮಿಷಗಳನ್ನು ಹೆಚ್ಚಿಸುವುದು ಸುಲಭವಲ್ಲ. ಲೂಮೊ ದಿನಕ್ಕೆ ಕೆಲವೇ ಬಾರಿ ಓಡುತ್ತದೆ. ಎಲ್‌ಎನ್‌ಇಆರ್ ರೈಲುಗಳು ಹಗಲಿನಲ್ಲಿ ಗಂಟೆಗೊಮ್ಮೆಯಾದರೂ ಸಿಗುತ್ತವೆ. ಆದ್ದರಿಂದ ವಯಸ್ಸಾದವರನ್ನು ಕರೆದುಕೊಂಡು ಹೊರಟವರು, ಹಿಂದಿರುಗುವ ಹೊತ್ತು ನಿಶ್ಚಯವಿಲ್ಲದವರು, ಅಥವಾ ಕಾಲು ಚಾಚಿ ಕೂರಲು ಮೊದಲನೆಯ ದರ್ಜೆಯೇ ಬೇಕೆನ್ನುವವರು ಹೆಚ್ಚು ಹಣ ಕೊಟ್ಟಾದರೂ ಎಲ್‌ಎನ್‌ಇಆರ್ ಹಿಡಿಯುವುದು ಮೇಲು. ಎರಡರ ದರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ಕೊಳ್ಳಬಾರದು; ಕೆಲವು ದಿನ ದೊಡ್ಡವನ ಮುಂಗಡ ಟಿಕೆಟ್ಟೇ ಚಿಕ್ಕವನದಕ್ಕಿಂತ ಕಡಿಮೆಗೆ ಇಳಿದಿರುವುದನ್ನು ನಾನೇ ನೋಡಿದೆ. ಪಕ್ಕದಲ್ಲಿ ಇನ್ನೊಬ್ಬನಿಲ್ಲದಿದ್ದರೆ ಅದು ಇಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ನಮ್ಮಲ್ಲಿ ಇಂಥದ್ದು ಬರಬಹುದೇ ಎಂದು ಊರಿಗೆ ಬಂದ ಮೇಲೆ ಸ್ನೇಹಿತರು ಕೇಳಿದರು. ಪ್ರಯತ್ನ ನಡೆಯದೆ ಇಲ್ಲ. 2019ರ ಅಕ್ಟೋಬರಿನಲ್ಲಿ ಐಆರ್‌ಸಿಟಿಸಿಯು ಲಖನೌ–ದೆಹಲಿ ನಡುವೆ ತೇಜಸ್ ರೈಲನ್ನು ತಾನೇ ನಡೆಸಲಾರಂಭಿಸಿ, ಒಂದು ಗಂಟೆಗೂ ಹೆಚ್ಚು ತಡವಾದರೆ ಪ್ರಯಾಣಿಕನಿಗೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಕೊಡುವುದಾಗಿ ಹೇಳಿತು. 2020ರಲ್ಲಿ 109 ಮಾರ್ಗಗಳಲ್ಲಿ 151 ಖಾಸಗಿ ರೈಲುಗಳಿಗೆ ಆಹ್ವಾನ ಹೊರಟಾಗ ಆ ಮಾರ್ಗಗಳನ್ನು ವಿಂಗಡಿಸಿದ್ದ ಹನ್ನೆರಡು ಗುಂಪುಗಳಲ್ಲಿ ಬೆಂಗಳೂರಿನದೂ ಒಂದಾಗಿತ್ತು. ಮರುವರ್ಷ ಬಿಡ್ ತೆರೆದಾಗ ಹಣ ಹೂಡಲು ಮುಂದೆ ಬಂದಿದ್ದವು ಎರಡೇ ಸಂಸ್ಥೆಗಳು, ಅವುಗಳಲ್ಲೂ ಒಂದು ಐಆರ್‌ಸಿಟಿಸಿಯೇ. ಯೋಜನೆ ಅಲ್ಲಿಗೇ ನಿಂತಿತು. ಹಳಿ, ವೇಳಾಪಟ್ಟಿ, ಸಿಗ್ನಲ್, ಎದುರಾಳಿ ರೈಲು ಎಲ್ಲವೂ ಒಬ್ಬರ ಕೈಯಲ್ಲೇ ಇದ್ದು, ನಡುವೆ ತೀರ್ಪು ಹೇಳುವ ಸ್ವತಂತ್ರ ನಿಯಂತ್ರಕನೂ ಇಲ್ಲದ ಕಡೆ ಹಣ ಹೂಡುವವನು ಹಿಂಜರಿದರೆ ಆಶ್ಚರ್ಯವೇನಿದೆ? ಬ್ರಿಟನ್ನಿನಲ್ಲಿಯೂ ಗಾಳಿ ಈಗ ಬೇರೆ ದಿಕ್ಕಿಗೆ ಬೀಸುತ್ತಿದೆ. 2024ರ ಕಾಯ್ದೆಯಂತೆ ಗುತ್ತಿಗೆಯ ರೈಲು ಸೇವೆಗಳನ್ನೆಲ್ಲ ಒಂದೊಂದಾಗಿ ಸರ್ಕಾರವು ವಹಿಸಿಕೊಳ್ಳುತ್ತಿದೆ. ಸಹಾಯಧನವನ್ನು ಮುಟ್ಟದ ಲೂಮೊದಂಥವು ಮಾತ್ರ ಆ ಕಾಯ್ದೆಯ ಹೊರಗಿವೆ.

ಮುಂದಿನ ವರ್ಷ ನನ್ನ ಅಕ್ಕ ಮತ್ತು ಭಾವ ಲಂಡನ್ನಿಗೆ ಹೋಗುವವರಿದ್ದಾರೆ. ಅವರಿಗೆ ನಾನು ಹೇಳಿರುವುದು ಇಷ್ಟೇ: ವೀಸಾ ಕೈಗೆ ಬಂದ ದಿನವೇ ಲೂಮೊ ಟಿಕೆಟ್ ನೋಡಿ, ವಾರದ ನಡುವಿನ ದಿನ ಹಿಡಿಯಿರಿ, ಇಬ್ಬರ ಫೋಟೋ ಸಿದ್ಧವಿಟ್ಟುಕೊಂಡು ಕಾರ್ಡ್ ಮಾಡಿಸಿ, ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಬೇಡಿ.